ಧಡಾದ ಕಲ್ಲು

ಹುಮನಾಬಾದಿನ ನನ್ನ ಅಂಗಡಿಯ ಮೇಜಿನ ಮೇಲೆ ಒಂದು ಕಲ್ಲಿತ್ತು. ದೇವರ ಕಲ್ಲಲ್ಲ, ಬೆಲೆಬಾಳುವ ಕಲ್ಲೂ ಅಲ್ಲ. ನಿಂಬೆಹಣ್ಣಿಗಿಂತ ತುಸು ದೊಡ್ಡದು, ಕಪ್ಪು, ಒಂದು ಮೂಲೆ ಒಡೆದದ್ದು. ಫ್ಯಾನು ತಿರುಗಿದರೆ ಕಾಗದಗಳು ಹಾರುತ್ತವೆಂದು ಅದನ್ನು ಅರ್ಜಿಗಳ ಮೇಲೆ ಇಟ್ಟಿರುತ್ತಿದ್ದೆ. ಬಂದವರು ಮಾತಾಡುತ್ತ ಆಡುತ್ತ ಅದನ್ನು ಕೈಗೆತ್ತಿಕೊಳ್ಳುತ್ತಿದ್ದರು, ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು, ಕೊನೆಗೆ ತಮ್ಮ ಪಹಣಿಯ ಮೇಲೋ ಆಧಾರಿನ ಝೆರಾಕ್ಸಿನ ಮೇಲೋ ಇಟ್ಟು ಎದ್ದು ಹೋಗುತ್ತಿದ್ದರು. ಇದು ಏನು ಕಲ್ಲು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಲಿ ಎಂದು ನಾನು ಎಷ್ಟೋ ವರ್ಷ ಕಾದೆ. ಕೇಳದಿದ್ದರೂ ನಿಮಗೆ ಹೇಳಿಬಿಡುತ್ತೇನೆ.

ಅದು ಧಡಾದ ಕಲ್ಲು. ನಮ್ಮ ಅಪ್ಪನಿಗೆ ಬಸವಕಲ್ಯಾಣದ ಹಳೆಯ ಪೇಟೆಯಲ್ಲಿ ಎಣ್ಣೆ, ಕಿರಾಣಿ ಸಾಮಾನಿನ ಅಂಗಡಿ ಇತ್ತು. ಆಗ ಎಣ್ಣೆ ಪಾಕೀಟಿನಲ್ಲಿ ಬರುತ್ತಿರಲಿಲ್ಲ. ಕುಸುಬಿ ಎಣ್ಣೆ ಬೇಕಾದವರು ಮನೆಯಿಂದ ಪಾತ್ರೆ ತರುತ್ತಿದ್ದರು. ಒಬ್ಬರದು ಹಿತ್ತಾಳೆ ತಂಬಿಗೆ, ಇನ್ನೊಬ್ಬರದು ಕುತ್ತಿಗೆಗೆ ಹಗ್ಗ ಕಟ್ಟಿದ ಗಾಜಿನ ಬಾಟಲಿ, ಮತ್ತೊಬ್ಬರದು ಹಾಲಿನಪುಡಿಯ ಡಬ್ಬಿ. ಎಣ್ಣೆಯನ್ನು ತೂಗಿ ಕೊಡಬೇಕು, ಆದರೆ ಪಾತ್ರೆಯಲ್ಲಿ ಹಾಕಿಯೇ ತೂಗಬೇಕು. ಹಾಗಾಗಿ ಮೊದಲು ಖಾಲಿ ಪಾತ್ರೆಯನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದು ತಟ್ಟೆಯಲ್ಲಿ ಚೂರುಪಾರು ಕಲ್ಲು ಹಾಕಿ ಎರಡನ್ನೂ ಸಮ ಮಾಡುತ್ತಿದ್ದರು. ಇದಕ್ಕೆ ಧಡಾ ಮಾಡುವುದು ಎನ್ನುತ್ತಿದ್ದರು. ಪಾತ್ರೆಯ ಭಾರ ಹೀಗೆ ಕಳೆದುಹೋದ ಮೇಲೆ ತೂಕದ ಕಲ್ಲು, ಆಮೇಲೆ ಎಣ್ಣೆ. ಈಗಿನ ತಕ್ಕಡಿಯಲ್ಲಿ ಒಂದು ಗುಂಡಿ ಒತ್ತಿದರೆ ಸೊನ್ನೆ ಬರುತ್ತದೆ, ಕೆಲಸ ಮುಗಿಯಿತು. ಅಪ್ಪನ ಹತ್ತಿರ ಗುಂಡಿ ಇರಲಿಲ್ಲ, ಗೋಣಿತಟ್ಟಿನ ಒಂದು ಚೀಲ ಇತ್ತು. ಅದರಲ್ಲಿ ಕಲ್ಲು, ಹೆಂಚಿನ ಚೂರು, ತುಕ್ಕು ಹಿಡಿದ ನಟ್ಟು, ಒಂದು ಬೀಗದ ಅರ್ಧ. ಬಂದವರ ಪಾತ್ರೆಯನ್ನು ಒಮ್ಮೆ ನೋಡಿ ಅಪ್ಪ ಚೀಲಕ್ಕೆ ಕೈ ಹಾಕಿದರೆ ಸಾಮಾನ್ಯವಾಗಿ ಬೇಕಾದ ಕಲ್ಲೇ ಕೈಗೆ ಬರುತ್ತಿತ್ತು.

ನನಗೆ ಆ ಕೈ ಬರಲಿಲ್ಲ. ನಾನು ಐದನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಅಪ್ಪ ಊಟಕ್ಕೆ ಹೋಗುವಾಗ ನನ್ನನ್ನು ಗಲ್ಲೆಯ ಮೇಲೆ ಕೂಡಿಸಿದ. ಮಂಠಾಳದ ಒಬ್ಬ ಹೆಣ್ಣುಮಗಳು ದಪ್ಪ ತಳದ ಹಿತ್ತಾಳೆ ತಂಬಿಗೆ ತಂದು ಒಂದು ಕಿಲೋ ಎಣ್ಣೆ ಕೇಳಿದಳು. ಗಲ್ಲೆಯ ಮೇಲೆ ಕೂತವನಿಗೆ ಎಂಥ ಗತ್ತು ಬಂದಿರುತ್ತದೆ ನಿಮಗೆ ಗೊತ್ತು. ತಂಬಿಗೆಯನ್ನು ಈ ಕಡೆ ಇಟ್ಟೆ, ಕಿಲೋದ ಕಬ್ಬಿಣದ ಕಲ್ಲನ್ನು ಆ ಕಡೆ ಇಟ್ಟೆ, ಉದ್ದ ಹಿಡಿಕೆಯ ಪಳಿಯಿಂದ ಎಣ್ಣೆ ಸುರಿದೆ. ಎರಡೇ ಪಳಿಗೆ ತಕ್ಕಡಿ ಸಮವಾಯಿತು. ಅಪ್ಪನಿಗೆ ಇಷ್ಟು ಬೇಗ ಆಗುವುದಿಲ್ಲ ಎಂದು ನನಗೆ ಹೆಮ್ಮೆ. ಆಕೆ ತಂಬಿಗೆಯೊಳಗೆ ಬಗ್ಗಿ ನೋಡಿದಳು, ನನ್ನನ್ನು ನೋಡಿದಳು.

“ತೂಕ ಬರೋಬರಿ ಅದ ಎಪ್ಪಾ. ಎಣ್ಣಿ ಎಲ್ಲಿ ಅದ?”

“ಒಳಗ ಅದ ನೋಡ್ರಿ, ತಳಕ್ಕ,” ಎಂದೆ. ಆಕೆಗೆ ಬಸ್ಸಿನ ಹೊತ್ತಾಗಿತ್ತು. ಅನುಮಾನದಿಂದಲೇ ಹೊರಟುಹೋದಳು.

ಅಪ್ಪ ಬಂದಮೇಲೆ ನನ್ನ ಚುರುಕುತನವನ್ನು ನಾನೇ ವರ್ಣಿಸಿದೆ. ಧಡಾ ಮಾಡಿದ್ದೆಯಾ ಎಂದು ಒಂದೇ ಮಾತು ಕೇಳಿದ. ಆಮೇಲೆ ಅಂಗಡಿಗೆ ಬಾಗಿಲು ಹಾಕಿ, ಒಂದು ಕ್ಯಾನಿನಲ್ಲಿ ಎಣ್ಣೆ ತುಂಬಿಕೊಂಡು, ನನ್ನ ಕೈ ಹಿಡಿದು ಮಂಠಾಳದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಲ್ಲಿ ಮನೆ ಹುಡುಕಿ, ಕ್ಯಾನು ಕಟ್ಟೆಯ ಮೇಲಿಟ್ಟು ಹೇಳಿದ: “ಹುಡುಗ ನಿಮಗ ನಿಮ್ಮ ತಂಬಿಗೀನೇ ಮಾರ್ಯಾನ್ರಿ ಅಕ್ಕಾ. ತಪ್ಪಾಗ್ಯಾದ.” ಆಕೆ ನಕ್ಕು ನನಗೆ ಒಂದು ಹಿಡಿ ಹುರಿದ ಶೇಂಗಾ ಕೊಟ್ಟಳು. ಆ ಶೇಂಗಾ ನುಂಗಲು ನನಗೆ ಬಹಳ ಹೊತ್ತು ಹಿಡಿಯಿತು.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಆ ಅಂಗಡಿಯನ್ನು ಮೊಬೈಲ್ ಅಂಗಡಿ ಮಾಡಿದ. ನಾನು ಆ ಚೀಲದಿಂದ ಒಂದು ಕಲ್ಲು ತೆಗೆದುಕೊಂಡು ಹುಮನಾಬಾದಿಗೆ ಬಂದೆ. ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಅಳತೆಯ ಫೋಟೊ ಇಷ್ಟು ನನ್ನ ದಂಧೆ. ಅರ್ಜಿ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿ ಕಡಿಮೆ ಎಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆ ಯಾರೂ ಹೇಳಿಲ್ಲ. ಹುಲಸೂರಿನಿಂದ ಅಡುಗೆ ಕೆಲಸಕ್ಕೆಂದು ಗಲ್ಫಿಗೆ ಹೊರಟವರು, ಕೊಡಂಬಲದಿಂದ ಕ್ರೇನ್ ಓಡಿಸಲು ಹೊರಟವರು, ಎಲ್ಲರ ಪಾಸ್‌ಪೋರ್ಟಿನ ಅರ್ಜಿಗೂ ನನ್ನ ಬೆರಳು ತಾಗಿದೆ. ಅರ್ಜಿಯ ಜೊತೆ ಬುದ್ಧಿವಾದ ಪುಕ್ಕಟೆ. ಫೋಟೊದಲ್ಲಿ ಎರಡೂ ಕಿವಿ ಕಾಣಬೇಕು, ನಗಬಾರದು, ಹೆದರಬಾರದು, ಜಗತ್ತು ದೊಡ್ಡದಿದೆ, ಹೋಗಿ ಬನ್ನಿ. ಇಷ್ಟು ಜನರನ್ನು ಸಮುದ್ರ ದಾಟಿಸಿದ ನಾನು ಸೊಲ್ಲಾಪುರ ದಾಟಿದ್ದು ಎರಡೇ ಸಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಅಂತಾರಲ್ಲ, ಕಳೆದ ಮಾಘದಲ್ಲಿ ನನ್ನ ಸರದಿ ಬಂತು.

ನನ್ನ ಹೆಂಡತಿ ಸವಿತಾ ನರ್ಸು. ಹುಮನಾಬಾದಿನದೇ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಎರಡು ವರ್ಷದ ಹಿಂದೆ ಆಕೆ ಜರ್ಮನ್ ಭಾಷೆ ಕಲಿಯಲು ಶುರುಮಾಡಿದಳು. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ ಅವರು ಹೇಳಿದ್ದನ್ನು ಹೇಳುತ್ತಿದ್ದಳು. ಆ ಭಾಷೆಯಲ್ಲಿ ಚಮಚ ಗಂಡಂತೆ, ಫೋರ್ಕು ಹೆಣ್ಣಂತೆ, ಚಾಕು ಎರಡೂ ಅಲ್ಲವಂತೆ. ಆರನೇ ತರಗತಿ ಓದುವ ನಮ್ಮ ಮಗಳು ಸಿಂಚನಾ “ಹಂಗಾರ ಲಟ್ಟಣಿಗಿ ಏನು ಮಮ್ಮಿ?” ಎಂದು ಕೇಳಿ ಅರ್ಧ ಗಂಟೆ ನಗಿಸಿದ್ದಳು. ನಾನೂ ನಕ್ಕೆ. ಯಾರೋ ಕಸೂತಿ ಕಲಿಯುತ್ತಾರೆ, ಯಾರೋ ಕೇಕು ಮಾಡುವುದನ್ನು ಕಲಿಯುತ್ತಾರೆ, ಇವಳು ಇದನ್ನು ಕಲಿಯುತ್ತಾಳೆ ಎಂದುಕೊಂಡಿದ್ದೆ. ಒಂದು ಪರೀಕ್ಷೆ ಪಾಸಾದಳು, ಇನ್ನೊಂದು ಪಾಸಾದಳು. ನಾನು ಪೇಢೆ ತಂದು ಹಂಚಿದೆ, ಅಷ್ಟೇ.

ಒಂದು ಮಧ್ಯಾಹ್ನ ಆಕೆ ಅಂಗಡಿಗೆ ಬಂದು, ಗಿರಾಕಿ ನಿಲ್ಲುವ ಜಾಗದಲ್ಲಿ ನಿಂತು, “ಒಂದು ಪ್ರಿಂಟ್ ತಗೀಬೇಕಾಗ್ಯಾದ್ರಿ,” ಎಂದಳು. ಅದು ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಯಿಂದ ಬಂದ ಪತ್ರ. ಕೆಲಸ ಕೊಟ್ಟಿದ್ದಾರೆ. ಬರುವಿರೋ ಇಲ್ಲವೋ ಹತ್ತು ದಿನದೊಳಗೆ ತಿಳಿಸಬೇಕು, ಕುಟುಂಬ ಸಮೇತ ಬರುವುದಾದರೆ ಇದರೊಂದಿಗಿನ ನಮೂನೆ ತುಂಬಿ ಕಳಿಸಬೇಕು. ನಾನು ಎರಡು ಸಲ ಓದಿದೆ. ಆಕೆ ಮೇಜಿನ ಮೇಲಿದ್ದ ಕಲ್ಲನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡಿದ್ದಳು.

“ನೀವು ಬ್ಯಾಡ ಅಂದ್ರ ನಾ ಹೋಗಂಗಿಲ್ರಿ,” ಎಂದಳು. “ಹೋದ್ರ ಮೂರೂ ಮಂದಿ ಹೋಗೂಣ. ನೀವೇ ವಿಚಾರ ಮಾಡಿ ಹೇಳ್ರಿ.”

ಆಕೆ ಹಟ ಹಿಡಿದಿದ್ದರೆ ನಾನೂ ಹಟ ಹಿಡಿಯುತ್ತಿದ್ದೆ, ನಾಲ್ಕು ದಿನ ಮಾತು ಬಿಟ್ಟು ಐದನೇ ದಿನ ಏನಾದರೊಂದು ಆಗುತ್ತಿತ್ತು. ಹೀಗೆ ಪೂರ್ತಿ ನನ್ನ ಕೈಗೇ ಕೊಟ್ಟುಬಿಟ್ಟರೆ ಏನು ಮಾಡುವುದು? ನಾನು ಬೇಡ ಎಂದರೆ ಆಕೆಯ ಎರಡು ವರ್ಷದ ಕಲಿಕೆ ಆ ಹಿಟ್ಟಿನ ಡಬ್ಬಿಯ ಹತ್ತಿರವೇ ಮುಗಿಯುತ್ತದೆ. ಹೂಂ ಎಂದರೆ ನಲವತ್ನಾಲ್ಕರ ವಯಸ್ಸಿನಲ್ಲಿ ಅಂಗಡಿ ಮುಚ್ಚಿ, ಊರು ಬಿಟ್ಟು, ಬಾಯಿ ಬಾರದ ದೇಶಕ್ಕೆ ಹೋಗಬೇಕು.

ಅದಕ್ಕಿಂತ ಹೆಚ್ಚಾಗಿ ಆ ನಮೂನೆ. ಮೊದಲ ಸಾಲು ಮುಖ್ಯ ಅರ್ಜಿದಾರರದು, ಅಲ್ಲಿ ಸವಿತಾ. ಎರಡನೇ ಸಾಲಿನಲ್ಲಿ ಅವಲಂಬಿತರು, ಅಲ್ಲಿ ನಾನು. ಈ ಸಾಲನ್ನು ನಾನು ಎಷ್ಟು ಹೆಣ್ಣುಮಕ್ಕಳ ಪರವಾಗಿ ತುಂಬಿದ್ದೇನೋ ಲೆಕ್ಕವಿಲ್ಲ. ಗಂಡನ ಹೆಸರು ಮೇಲೆ, ಹೆಂಡತಿಯ ಹೆಸರು ಕೆಳಗೆ, ಮುಂದಿನವರು ಬರ್ರಿ. ಒಬ್ಬರ ಮುಖವನ್ನಾದರೂ ಆಗ ತಿರುಗಿ ನೋಡಿದ ನೆನಪಿಲ್ಲ. ಈಗ ನನ್ನ ಹೆಸರು ಬರೆಯಬೇಕಾದಾಗ ಪೆನ್ನು ನಿಂತುಬಿಟ್ಟಿತು.

ಹೊಳೆಗೆ ಸುರಿದರೂ ಅಳೆದು ಸುರಿ ಎಂದು ಹಿರಿಯರು ಹೇಳಿದ್ದಾರೆ. ನಾನು ಒಂದು ಉದ್ದದ ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದೆ. ಒಂದು ಕಡೆ ‘ಫಾಯ್ದೆ’, ಇನ್ನೊಂದು ಕಡೆ ‘ಲುಕ್ಸಾನು’ ಎಂದು ಬರೆದು ಅಡಿಗೆರೆ ಹಾಕಿದೆ. ಲುಕ್ಸಾನಿನ ಕಡೆ ಪೆನ್ನು ಓಡಿದ್ದೇ ಓಡಿದ್ದು. ಭಾಷೆ ಬರುವುದಿಲ್ಲ. ಚಳಿ. ಬಲಗಡೆಯ ಮೊಣಕಾಲು. ವಯಸ್ಸು. ಜೋಳದ ರೊಟ್ಟಿ. ಹೊಸಬರ ಜೊತೆ ನನಗೆ ಮಾತಾಡಲು ಬರುವುದಿಲ್ಲ. ಅಲ್ಲಿ ನನಗೇನು ಕೆಲಸ, ಅಲ್ಲಿಯವರ ಅರ್ಜಿ ನಾನು ತುಂಬಲೇ? ಅಂಗಡಿ. ಅವ್ವ. ನಿದ್ದೆಯ ಹೊತ್ತು ಬದಲಾದರೆ ತಲೆನೋವು. ಇನ್ನೊಂದನ್ನು ಬರೆಯಲು ನಾಚಿಕೆಯಾಯಿತು. ಹೆಂಡತಿಯ ಹಿಂದೆ ಹೋದ ಎಂದು ಮಂದಿ ಆಡಿಕೊಳ್ಳುತ್ತಾರೆ ಎಂಬುದು ಅದು. ಹದಿನಾಲ್ಕು ವರ್ಷ ಸರ್ಕಾರಿ ನಮೂನೆ ತುಂಬಿದವನಿಗೆ ನಾಚಿಕೆ ಮುಚ್ಚಲು ಶಬ್ದಕ್ಕೇನು ಬರ? ‘ಸಾಮಾಜಿಕ ಅಂಶಗಳು’ ಎಂದು ಬರೆದೆ.

ಫಾಯ್ದೆಯ ಕಡೆ ಸಂಬಳ, ಸಿಂಚನಾಳ ಶಾಲೆ, ಸವಿತಾಳ ಕೆಲಸ ಎಂದು ಬರೆದು ನಿಂತೆ. ಎರಡು ಕಡೆಗೂ ನ್ಯಾಯ ಮಾಡಬೇಕಲ್ಲ, ಅದಕ್ಕೇ ‘ಸೈಕಲ್ ಹೊಡೆಯಬಹುದು’, ‘ನಾಲ್ಕು ಊರು ನೋಡಿದಂತಾಗುತ್ತದೆ’, ‘ನಾನು ಸುಧಾರಿಸಬಹುದು’ ಎಂದು ಸೇರಿಸಿದೆ. ಆದರೂ ಲುಕ್ಸಾನಿನ ಸಾಲು ಹಾಳೆಯ ತುದಿಗೆ ಹೋಗಿತ್ತು, ಫಾಯ್ದೆಯದು ಅರ್ಧಕ್ಕೇ ನಿಂತಿತ್ತು.

ಬಾಜು ಅಂಗಡಿಯ ಇಸ್ಮಾಯಿಲ್ ಭಾಯಿಗೆ ತೋರಿಸಿದೆ. ಅವರು ಟೇಲರ್. ಆರು ವರ್ಷ ಗಲ್ಫಿನಲ್ಲಿ ಹೊಲಿದು ಬಂದವರು. ಅವರ ಪಾಸ್‌ಪೋರ್ಟನ್ನು ನವೀಕರಿಸಿದವನೂ ನಾನೇ, ಬಂದಮೇಲೆ ಇಲ್ಲೇ ಇರಿ ಎಂದು ಬುದ್ಧಿ ಹೇಳಿದವನೂ ನಾನೇ. ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ಹಾಳೆಯನ್ನು ಓದಿದರು.

“ಇದೆಲ್ಲಾ ಹೋಗಾಕಿಂತ ಮೊದಲಿನ ಲೆಕ್ಕ ರಾಜು ಭಾಯಿ,” ಎಂದರು. “ನಾ ಹೋದಾಗ ಹೆದರಿದ್ದು ಬ್ಯಾರೆ, ಅಲ್ಲಿ ತ್ರಾಸ ಆಗಿದ್ದು ಬ್ಯಾರೆ. ಚಳಿಗಿ ಸ್ವೆಟರ್ ಅದ. ಖರೇ ಹೇಳ್ಬೇಕಂದ್ರ ನನಗ ತ್ರಾಸ ಆಗಿದ್ದು ಶುಕ್ರವಾರ. ಸುಟ್ಟಿ ಇರ್ತಿತ್ತು, ಸಂಗಟ ಯಾರೂ ಇರ್ತಿರಲಿಲ್ಲ. ನಿಮಗ ಅದಿಲ್ಲಲ್ಲ.”

“ಹಂಗಾರ ಹೋಗು ಅಂತೀರೇನು?”

“ನಾ ಹಂಗ ಅನ್ನಂಗಿಲ್ಲ. ಯಾರ ಅಂಗಿ ಅವರೇ ಹಾಕ್ಕೊಂಡು ನೋಡಬೇಕು. ಅವ್ವಾರಿಗಿ ಕೇಳ್ರಿ.”

ಭಾನುವಾರ ಅವ್ವನನ್ನು ಕೇಳಲು ಬಸವಕಲ್ಯಾಣದ ಬಸ್ಸು ಹತ್ತಿದೆ. ಹಾಳೆ ಜೇಬಿನಲ್ಲಿತ್ತು. ಹೆದ್ದಾರಿಯ ಮೇಲೆ ಬಂಗ್ಲಾ ಎಂಬ ಕ್ರಾಸಿನವರೆಗೆ ಬಸ್ಸು ಚೆನ್ನಾಗಿ ಓಡುತ್ತದೆ, ಅಲ್ಲಿಂದ ಊರೊಳಗೆ ಹೊರಳಿದ ಮೇಲೆ ಮೈಯೆಲ್ಲ ಕುಲುಕಿ ಯಾವ ಸಂಗತಿಯನ್ನೂ ನೆಟ್ಟಗೆ ವಿಚಾರ ಮಾಡಲು ಬಿಡುವುದಿಲ್ಲ. ಅವ್ವ ಅಣ್ಣನ ಮನೆಯಲ್ಲಿರುತ್ತಾಳೆ. ಮನೆಯಲ್ಲಿ ಅಣ್ಣ, ವೈನಿ, ಮೂರು ಮಕ್ಕಳು, ಮಾಳಿಗೆಯ ಮೇಲೆ ಬಾಡಿಗೆಯವರು, ಓಣಿಯ ಅರ್ಧ ಹೆಂಗಸರು. ಅವ್ವನೊಡನೆ ಒಂದು ಮಾತು ಆಡಬೇಕಾದರೆ ಪಾಳಿ ಹಚ್ಚಬೇಕು. ನಾನು ಹೋದಾಗ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

ವಿಷಯ ಹೇಳಿದೆ. ಹಾಳೆ ತೆಗೆದು ಓದಿದೆ. ಅವ್ವ ಓದು ಕಲಿತವಳಲ್ಲ, ಆದರೆ ಅಪ್ಪ ಸರಕಿನ ಪಟ್ಟಿ ಓದುವಾಗ ಕೇಳಿ ಕೇಳಿ ಪಟ್ಟಿ ಕೇಳುವುದರಲ್ಲಿ ಪಳಗಿದವಳು. ‘ಅವ್ವ’ ಎಂಬ ಸಾಲು ಬಂದಾಗ ಅದನ್ನು ಹಾರಿಸಿ ಮುಂದಿನದನ್ನು ಓದಿದೆ. ಆಕೆ ಜೋಳದಲ್ಲಿ ಕೈಯಾಡಿಸುತ್ತ, ಹರಳು ಆರಿಸಿ ಬದಿಗೆ ಹಾಕುತ್ತ, ಎಲ್ಲ ಮುಗಿಯುವವರೆಗೆ ಕೇಳಿದಳು.

“ಧಡಾ ಮಾಡೀಯೇನು?” ಎಂದಳು.

ನನಗೆ ತಿಳಿಯಲಿಲ್ಲ. “ಏನಬೇ?” ಎಂದೆ.

“ತೂಗಾಕ ಕುಂತೀದಿ. ಧಡಾ ಮಾಡೀಯೇನಂತ ಕೇಳಾಕತ್ತೀನಿ. ನಿನ್ನ ಮೊಣಕಾಲು ಹುಮನಾಬಾದಿನಾಗ ನೋಯಂಗಿಲ್ಲೇನು? ನಿನ್ನ ವಯಸ್ಸು ಇಲ್ಲಿ ಇದ್ರ ಕಮ್ಮಿ ಆಗ್ತದೇನು? ಹೊಸಬರ ಸಂಗಟ ಮಾತಾಡಾಕ ಬರಂಗಿಲ್ಲಂತಿ. ಇಲ್ಲಿ ಯಾರ ಸಂಗಟ ಮಾತಾಡ್ತಿ? ನಿಮ್ಮ ಎದುರು ಮನಿಯವರ ಹೆಸರು ಕೇಳಿದ್ರ ಸವಿತಾನ ಮಾರಿ ನೋಡ್ತಿ.” ಅವ್ವ ಮೊರ ಕೆಳಗಿಟ್ಟಳು. “ಇದು ಎಲ್ಲಾ ತಂಬಿಗಿ ತೂಕ. ನೀ ಎಲ್ಲಿ ಇದ್ರೂ ನಿನ್ನ ಸಂಗಟ ಇರಾದೇ. ಅದನ್ನ ಮೊದಲ ಕಳದು, ಆಮ್ಯಾಲ ಎಣ್ಣಿ ತೂಗು.”

ನಾನು ಹಾಳೆಯನ್ನು ನೋಡುತ್ತ ಕೂತೆ. ಐದನೇ ಇಯತ್ತೆಯ ಗಲ್ಲೆ, ದಪ್ಪ ತಳದ ತಂಬಿಗೆ, ಮಂಠಾಳದ ಶೇಂಗಾ ಎಲ್ಲ ಒಮ್ಮೆಲೇ ನೆನಪಾದವು. ಅವ್ವನಿಗೂ ನೆನಪಾಗಿರಬೇಕು.

“ಮಂಠಾಳದಾಕಿಗಿ ಅಂದು ಹ್ಯಾಂಗ ಮಾಡಿದ್ದಿ, ಸವಿತಾಗೂ ಹಂಗೇ ಮಾಡಾಕತ್ತೀದಿ ನೋಡು. ಆ ಹುಡುಗಿ ಎರಡು ವರ್ಷ ದುಡದು ಎಣ್ಣಿ ಕೇಳಾಕ ಬಂದಾಳ. ನೀ ನಿನ್ನ ತಂಬಿಗಿ ತೂಗಿ, ತೂಕ ಬರೋಬರಿ ಅದ ಅಂತ ಕಳಸಾಕತ್ತೀದಿ.”

ಅವ್ವ ಮತ್ತೆ ಮೊರ ಎತ್ತಿಕೊಂಡಳು. ಆಮೇಲೆ ಆಕೆಯೇ ಕೇಳಿದಳು: “ನಂದು ಬರದಿಲ್ಲೇನು ಅದರಾಗ?”

“ಬರದೀನಿ.”

“ಓದಲಿಲ್ಲ ಮತ್ತ.”

“ಅದೂ ಧಡಾದಾಗ ಹೋಗ್ತದೇನಬೇ?” ಎಂದು ಕೇಳಿದೆ.

“ಇಲ್ಲ. ಅದು ಖರೇ ತೂಕ. ಅದು ಇರಲಿ,” ಎಂದಳು ಅವ್ವ. “ನಾ ಹೋದ್ರ ನೀ ಮಣ್ಣಿಗಿ ಬರಾಕ ಆಗಂಗಿಲ್ಲ. ಅದನ್ನ ಇವತ್ತೇ ಮಾತಾಡಿ ಮುಗಸೂಣ. ನಿಮ್ಮಣ್ಣ ಅದಾನ, ಇಷ್ಟು ಮಂದಿ ಅದಾರ, ನನ್ನ ಯಾರೂ ಬೀದಿಗಿ ಹಾಕಂಗಿಲ್ಲ. ಬರಾದಿದ್ರ ನಾ ಇರೋ ತನಕ ಬಂದು ಹೋಗು, ನನಗ ನಿನ್ನ ಮಾರಿ ಕಾಣ್ತದ. ಸತ್ತ ಮ್ಯಾಲ ಓಡಿ ಬಂದ್ರ ನನಗೇನು ಗೊತ್ತಾಗ್ತದ?”

ಇಂಥ ಮಾತನ್ನು ಆಕೆ ಜೋಳದ ಹರಳು ಆರಿಸುತ್ತಲೇ ಹೇಳಿದಳು. ನಾನು ಅತ್ತೆ. ಅತ್ತೆ ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ. ವೈನಿ ಚಹಾ ತಂದವರು ನೋಡಿ, ಕಪ್ಪುಗಳನ್ನು ಅಲ್ಲೇ ಇಟ್ಟು ಒಳಗೆ ಹೋದರು.

ಕಣ್ಣೊರೆಸಿಕೊಂಡ ಮೇಲೆ ಒಂದು ದೊಡ್ಡ ಮಾತಾಡಬೇಕು ಅನ್ನಿಸಿತು. ಅತ್ತವರಿಗೆ ಹಾಗೆ ಅನ್ನಿಸುವುದುಂಟು. “ಅವ್ವಾ, ಹೋಗೋದಾದ್ರ ಅಪ್ಪನ ಆ ಧಡಾದ ಕಲ್ಲು ಸಂಗಟ ಒಯ್ತೀನಿ,” ಎಂದೆ. ಆ ಕಲ್ಲು ಊರಿನ ಹಳೆಯ ಕೋಟೆಯ, ನಮ್ಮ ಕಿಲ್ಲೆಯ ಬುಡದಿಂದ ಬಂದದ್ದು, ಅದು ಅಜ್ಜನ ಕಾಲದ್ದು ಎಂದು ನಾನು ಸವಿತಾಳಿಗೆ ಹೇಳಿದ್ದೆ, ಮಗಳಿಗೆ ಹೇಳಿದ್ದೆ, ಇಸ್ಮಾಯಿಲ್ ಭಾಯಿಗೂ ಹೇಳಿದ್ದೆ. ನನಗೆ ಯಾರು ಹೇಳಿದ್ದರೋ ನೆನಪಿಲ್ಲ. ಬಹುಶಃ ಯಾರೂ ಹೇಳಿರಲಿಲ್ಲ.

“ಯಾವುದು? ಮೂಲಿ ಒಡದದ್ದೇನು?” ಅವ್ವ ನಗಲಾರಂಭಿಸಿದಳು. “ಕಿಲ್ಲೇದೂ ಅಲ್ಲ, ನಿಮ್ಮ ಅಜ್ಜಂದೂ ಅಲ್ಲ. ನಮ್ಮ ಓಣ್ಯಾಗ ರಸ್ತಾ ಮಾಡುಮುಂದ ಖಡಿ ಸುರದಿದ್ರು. ಹಳೇ ಕಲ್ಲು ಕಳದಿತ್ತಂತ ನಿಮ್ಮಪ್ಪ ಅದರಾಗಿಂದ ಒಂದು ಆರಿಸಿಕೊಂಡು ಬಂದ. ಧಡಾಕ್ಕ ಯಾವ ಕಲ್ಲಾದ್ರೂ ನಡೀತದ. ತೂಕದ ಕಲ್ಲಿಗಿ ಸರ್ಕಾರದ ಮುದ್ರಿ ಬೇಕು, ಧಡಾದ ಕಲ್ಲಿಗಿ ಏನೂ ಬ್ಯಾಡ. ರಸ್ತಾದಾಗ ಸಿಗ್ತಾವ.”

ರಸ್ತೆಯ ಖಡಿಯನ್ನು ಹದಿನಾಲ್ಕು ವರ್ಷ ನಾನು ಮೇಜಿನ ಮೇಲಿಟ್ಟು ಗೌರವಿಸಿದ್ದೆ. ಒಂದು ಯುಗಾದಿಗೆ ತೊಳೆದು ಕುಂಕುಮ ಹಚ್ಚಿದ್ದನ್ನು ಅವ್ವನಿಗೆ ಹೇಳಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು ಧಡಾ ಮಾಡಲು ಕೂತೆ. ಮೊಣಕಾಲು ಹೊಡೆದುಹಾಕಿದೆ. ವಯಸ್ಸು, ತಲೆನೋವು, ಮಾತು ಬಾರದಿರುವುದು ಎಲ್ಲ ಹೊಡೆದುಹಾಕಿದೆ. ಧಡಾ ಎಂದಮೇಲೆ ಎರಡೂ ತಟ್ಟೆಗೆ ಒಂದೇ ನ್ಯಾಯ, ಆದ್ದರಿಂದ ಫಾಯ್ದೆಯ ಕಡೆಯ ‘ನಾನು ಸುಧಾರಿಸಬಹುದು’ ಎಂಬುದೂ ಹೋಯಿತು. ಸೈಕಲ್ಲೂ ಹೋಯಿತು, ಏಕೆಂದರೆ ಹುಮನಾಬಾದಿನ ಮನೆಯ ಹಿಂದೆ ನಾಲ್ಕು ವರ್ಷದಿಂದ ಗಾಳಿಯಿಲ್ಲದೆ ಒಂದು ಸೈಕಲ್ ನಿಂತೇ ಇದೆ. ‘ಸಾಮಾಜಿಕ ಅಂಶಗಳು’ ಎಂಬಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ತಂಬಿಗೆಯ ದಪ್ಪ ತಳ ಅದೇ. ಚಳಿ, ಭಾಷೆ, ರೊಟ್ಟಿ ಎಂದು ಮೇಲೆ ಮೇಲೆ ಏನೇನು ಬರೆದಿದ್ದರೂ ಭಾರವೆಲ್ಲ ಅಲ್ಲಿತ್ತು. ಆಡಿಕೊಳ್ಳುವ ಮಂದಿ ಯಾರು ಎಂದು ನೆನಪಿಸಿಕೊಳ್ಳಲು ನೋಡಿದೆ. ಒಬ್ಬರ ಮುಖವೂ ಸ್ಪಷ್ಟವಾಗಿ ಬರಲಿಲ್ಲ. ಬಂಗ್ಲಾದ ಹತ್ತಿರ ಬಸ್ಸು ನಿಂತಾಗ ಅದನ್ನೂ ಹೊಡೆದೆ.

ಉಳಿದದ್ದು ಸ್ವಲ್ಪ. ಲುಕ್ಸಾನಿನ ಕಡೆ ಅವ್ವ, ಅಂಗಡಿ, ಅಲ್ಲಿನ ಕೆಲಸ, ಚಳಿ, ಭಾಷೆ, ರೊಟ್ಟಿ. ರೊಟ್ಟಿಯನ್ನು ಹೊಡೆಯಲು ಮನಸ್ಸಾಗಲಿಲ್ಲ, ಅದೂ ಖರೇ ತೂಕವೇ. ಈ ಕಡೆ ಸಂಬಳ, ಶಾಲೆ, ನಾಲ್ಕು ಊರು, ಸವಿತಾಳ ಕೆಲಸ. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಡೀ ಹಾಳೆಯಲ್ಲಿ ಸವಿತಾ ಇದ್ದದ್ದು ಆ ಒಂದೇ ಸಾಲಿನಲ್ಲಿ. ಅದೂ ಶಾಲೆಗೂ ಸೈಕಲ್ಲಿಗೂ ನಡುವೆ. ಅದರ ತೂಕ ಎಷ್ಟು ಎಂದು ನಾನು ಆಕೆಯನ್ನು ಕೇಳಿಯೇ ಇರಲಿಲ್ಲ. ನನ್ನ ಬಗ್ಗೆ ನನಗೆ ಬೇಸರವಾಯಿತು.

ಮನೆಗೆ ಬಂದಾಗ ಆಕೆ ಡ್ಯೂಟಿ ಮುಗಿಸಿ ಬಂದು ಪುಂಡಿಪಲ್ಲೆ ಸೋಸುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದೆ: “ಸವಿತಾ, ನಿನಗ ಹೋಗಬೇಕಂತ ಅದ ಏನು?”

ಆಕೆಯ ಕೈ ನಿಂತಿತು. “ಈಗ ಕೇಳಿದ್ರಲ್ಲ,” ಎಂದಳು. ಸಿಟ್ಟಿನಿಂದ ಅಲ್ಲ. ಒಂದು ದಂಟಿನ ಎಲೆ ಬಿಡಿಸಿ, “ಅದ್ರಿ. ಭಾಳ ಅದ,” ಎಂದಳು.

“ಯಾಕ?”

“ಇಲ್ಲಿ ಓಡ್ಯಾಡೋದ್ರಾಗೇ ಡ್ಯೂಟಿ ಮುಗೀತದ್ರಿ. ಒಬ್ಬರ ಬಾಜೂಕ ಕುಂತು, ನಿದ್ದಿ ಬಂತೇನ್ರಿ ಅಂತ ಕೇಳಾಕ ಆಗಂಗಿಲ್ಲ. ಕಲತ ಕೆಲಸ ಒಂದ್ಸಲ ಪೂರಾ ಮಾಡಿ ನೋಡಬೇಕು ಅಂತ ಅದ. ಅಷ್ಟೇ.” ಪಲ್ಲೆಯನ್ನು ಬುಟ್ಟಿಗೆ ಹಾಕಿದಳು. “ಹೆದರಿಕಿ ನನಗೂ ಅದ್ರಿ. ನಿಮಗ ಹೇಳಿದ್ರ ನೀವು ಇನ್ನೂ ಹೆದರ್ತೀರಂತ ಹೇಳಿಲ್ಲ.”

ಹನ್ನೆರಡು ವರ್ಷದ ಸಂಸಾರದಲ್ಲಿ ಇಬ್ಬರೂ ಒಂದೇ ಹೆದರಿಕೆಯನ್ನು ಬೇರೆ ಬೇರೆ ಮೂಲೆಯಲ್ಲಿ ಬಚ್ಚಿಟ್ಟ ಸುದ್ದಿ ಅಂದು ಹೊರಬಿತ್ತು. ಹೊರಬಿದ್ದ ಮೇಲೆ ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ. “ಹೋಗೂಣ,” ಎಂದೆ.

ಮರುದಿನ ಮುಂಜಾನೆ ಫೋಟೊ ತೆಗೆಯಲು ಮೂವರೂ ಅಂಗಡಿಗೆ ಹೋದೆವು. ಇಸ್ಮಾಯಿಲ್ ಭಾಯಿ ಹಿಂದೆ ಬಿಳಿ ಬಟ್ಟೆ ಹಿಡಿದರು. “ಕಿವಿ ಕಾಣಬೇಕು, ನಗಬಾರದು,” ಎಂದು ನಾನು ನನ್ನ ಹಳೆಯ ಮಂತ್ರ ಹೇಳಿದೆ. ಸವಿತಾ ಕಿವಿಯ ಮೇಲಿನ ಕೂದಲು ಸರಿಸಿ ಕೂತಳು. ನಾನು ಗುಂಡಿ ಒತ್ತುವ ಹೊತ್ತಿಗೆ ನಕ್ಕಳು. ಮತ್ತೆ ಕೂಡಿಸಿದೆ, ಮತ್ತೆ ನಕ್ಕಳು. ತುಟಿ ಬಿಗಿಹಿಡಿದರೆ ಕಣ್ಣಿನಲ್ಲಿ ನಗು. ಈ ಕುರ್ಚಿಯಲ್ಲಿ ಕೂತ ಎಷ್ಟೋ ಜನರಿಗೆ ನಗಬೇಡಿ ಎಂದು ಹೇಳಿದ್ದೇನೆ. ಹೇಳುವುದೇ ಬೇಕಿರಲಿಲ್ಲ, ಯಾರೂ ನಗುತ್ತಿರಲಿಲ್ಲ. ಏಳನೇ ಫೋಟೊ ನಿಯಮಕ್ಕೆ ಸರಿಹೋಯಿತು. ಮೊದಲಿನ ಆರನ್ನು ನಾನು ಅಳಿಸಿಲ್ಲ.

ಆಮೇಲೆ ನಮೂನೆ ಹಾಸಿಕೊಂಡು ಕೂತೆ. ಮುಖ್ಯ ಅರ್ಜಿದಾರರ ಸಾಲಿನಲ್ಲಿ ಸವಿತಾಳ ಹೆಸರು ಬರೆದೆ. ಅವಲಂಬಿತರ ಸಾಲಿನಲ್ಲಿ ನನ್ನ ಹೆಸರನ್ನು ಗಿರಾಕಿಯದಕ್ಕಿಂತ ದುಂಡಗೆ ಬರೆದೆ. ಒಳಗೆ ಸ್ವಲ್ಪ ಚುಚ್ಚಲಿಲ್ಲ ಎಂದರೆ ಸುಳ್ಳಾದೀತು. ಆದರೆ ಸೂಜಿಮೊನೆಯಷ್ಟೇ. ಇಸ್ಮಾಯಿಲ್ ಭಾಯಿ ಬಗ್ಗಿ ನೋಡಿದರು, ಒಂದು ಚೇಷ್ಟೆಯ ಮಾತು ಬರುತ್ತದೆಂದು ನಾನು ತಯಾರಾದೆ.

“ಭಾಭಿ ಹಿಂದ ನಡೀರಿ ರಾಜು ಭಾಯಿ,” ಎಂದರು ಅವರು. “ನಾ ಅಲ್ಲಿ ಆರು ವರ್ಷ ಒಬ್ಬನೇ ನಡದೀನಿ. ಮುಂದ ನಮ್ಮವರು ಯಾರಾರ ಇದ್ದಿದ್ರ ಭಾಳ ಛಲೋ ಇತ್ತು.”

ಈಗ ಕಾಗದಪತ್ರದ ಓಡಾಟ ನಡೆದಿದೆ, ತಿಂಗಳುಗಳು ಹಿಡಿಯುತ್ತವೆ. ಹಿಟ್ಟಿನ ಡಬ್ಬಿಯ ಎದುರು ಈಗ ನಾನು ಕೂತು ಚಮಚ ಗಂಡು, ಫೋರ್ಕು ಹೆಣ್ಣು ಎಂದು ಬಾಯಿಪಾಠ ಮಾಡುತ್ತೇನೆ. ಮಗಳು ತಪ್ಪು ತಿದ್ದುತ್ತಾಳೆ, ಒಮ್ಮೊಮ್ಮೆ ಅಗತ್ಯಕ್ಕಿಂತ ಹೆಚ್ಚು ತಿದ್ದುತ್ತಾಳೆ. ಪ್ರತಿ ಭಾನುವಾರ ಬಸವಕಲ್ಯಾಣಕ್ಕೆ ಹೋಗುತ್ತೇನೆ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದವನು ಇವನು, ದೂರ ಹೋಗುತ್ತೇನೆ ಎಂದಮೇಲೆ ಹತ್ತಿರ ಬಂದಾನ ನೋಡು ಎಂದು ಅವ್ವ ಓಣಿಗೆಲ್ಲ ಹೇಳುತ್ತಾಳೆ. ಎದುರು ಮನೆಯವರ ಹೆಸರನ್ನೂ ಕೇಳಿ ತಿಳಿದುಕೊಂಡಿದ್ದೇನೆ.

ಅಂದು ನಮೂನೆ ತುಂಬಿ ಮುಗಿಸಿ, ಫ್ಯಾನಿನ ಗಾಳಿಗೆ ಹಾರದಿರಲೆಂದು ಅದರ ಮೇಲೆ ಕಲ್ಲು ಇಟ್ಟಿದ್ದೆ. ಸಿಂಚನಾ ಅದನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು: “ಪಪ್ಪಾ, ಇದನ್ನ ಬ್ಯಾಗಿನಾಗ ಹಾಕೂಣೇನು? ಮುತ್ತ್ಯಾಂದು ಅಲ್ಲ ಇದು?”

ಕಲ್ಲನ್ನು ಆಕೆಯ ಕೈಯಿಂದ ತೆಗೆದುಕೊಂಡೆ. ಕೈಗೆ ಒಗ್ಗಿದ ಭಾರ. ಬಾಜು ಅಂಗಡಿಯಲ್ಲಿ ಇಸ್ಮಾಯಿಲ್ ಭಾಯಿಯ ಮಷಿನ್ನಿನ ಪಕ್ಕ ಕತ್ತರಿಸಿದ ಅಳತೆಯ ಕಾಗದಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಅವುಗಳ ಮೇಲೆ ಅದನ್ನು ಇಟ್ಟೆ.

“ಇಲ್ಲೇ ಇರಲಿ ಬಿಡವ್ವಾ,” ಎಂದೆ. “ಅಲ್ಲೂ ರಸ್ತಾ ಇರ್ತಾವ.”